ಮಲೆನಾಡಿನ ಮಣ್ಣುರಸ್ತೆಗೆ ಕೆಳಗಿನ ವೇರಿಯಂಟ್ ಫೋರ್ ಬೈ ಫೋರ್ ಸಾಕಾ?

ಮೇಗರವಳ್ಳಿ_ತೋಟ

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯ ಗೊತ್ತಿರುವವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮನೆ ಮೇಗರವಳ್ಳಿಯಿಂದ ಒಳಗೆ. ಟಾರ್ ರಸ್ತೆ ಬಿಟ್ಟ ಮೇಲೆ ಸುಮಾರು ಎರಡು ಕಿಲೋಮೀಟರ್ ಮಣ್ಣುರಸ್ತೆ. ನಡುವೆ ಒಂದು ಹಳ್ಳ. ಹಳ್ಳ ದಾಟಿದ ಕೂಡಲೇ ಕಡಿದಾದ ಏರು, ಏರಿನ ಅರ್ಧಕ್ಕೆ ಒಂದು ತಿರುವು. ಬೇಸಿಗೆಯಲ್ಲಿ ಸಣ್ಣ ಕಾರೂ ಬರುತ್ತದೆ. ಆರಿದ್ರಾ ಮಳೆ ಹಿಡಿದರೆ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಬರುವುದಿಲ್ಲ. ಆದರೆ ಕೆಲಸ ಇರುವುದೇ ಆಗ. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ, ಡ್ರಮ್, ಪೈಪು, ಮೋಟಾರು ಎಲ್ಲ ಒಳಗೆ ಬರಬೇಕು. ಅಮ್ಮನಿಗೆ ವಯಸ್ಸಾಗಿದೆ. ರಾತ್ರಿ ಹೊತ್ತಲ್ಲಿ ತೀರ್ಥಹಳ್ಳಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅನ್ನುವ ಯೋಚನೆ ಯಾವಾಗಲೂ ಇದ್ದೇ ಇರುತ್ತದೆ.

ನೋಡಿರುವುದು ಎರಡು ಗಾಡಿ. ಒಂದು, 2020ರ ನಂತರದ ಮಹೀಂದ್ರ ಥಾರ್ ಎಎಕ್ಸ್ ಡೀಸೆಲ್ ಫೋರ್ ಬೈ ಫೋರ್, ಸೆಕೆಂಡ್ ಹ್ಯಾಂಡ್. ಇನ್ನೊಂದು, ಹೊಸ ಮಾರುತಿ ಜಿಮ್ನಿ ಝೀಟಾ. ಎರಡೂ ಕೆಳಗಿನ ವೇರಿಯಂಟ್. ವಿಚಾರಿಸಿದ ಕಡೆಯೆಲ್ಲ, "ನಿಜವಾದ ಆಫ್‌ರೋಡ್ ಬೇಕಿದ್ರೆ ಟಾಪ್ ಎಂಡೇ ತಗೊಳ್ಳಿ, ಕೆಳಗಿಂದು ಸಿಟಿಗೆ ಅಷ್ಟೇ" ಅನ್ನುತ್ತಾರೆ. ಇದು ಹೌದಾ? ಟಾಪ್ ಎಂಡಿಗೆ ಕೊಡುವ ಜಾಸ್ತಿ ದುಡ್ಡು ಕೆಸರಲ್ಲಿ ಏನಾದರೂ ಕೆಲಸ ಮಾಡುತ್ತದಾ?

ಹಳೇಜೀಪು_ಹೊಸನಗರ

ಮಾರಾಯ್ರೇ, ಕೊಡಚಾದ್ರಿಗೆ ಒಮ್ಮೆ ಜೀಪಲ್ಲಿ ಹೋಗಿಬನ್ನಿ, ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. 1,343 ಮೀಟರ್ ಎತ್ತರದ ಬೆಟ್ಟ. ದಾರಿ ಅಂದರೆ ಬರೀ ಬಂಡೆ, ಹೊಂಡ, ಕೊರಕಲು. ಅಲ್ಲಿ ಜನರನ್ನು ತುಂಬಿಕೊಂಡು ಹೋಗುವ ಹಳೇ ಜೀಪುಗಳಲ್ಲಿ ಪವರ್ ವಿಂಡೋ ಇಲ್ಲ, ಟಚ್ ಸ್ಕ್ರೀನ್ ಇಲ್ಲ, ಇಎಸ್‌ಪಿ (ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಇಲ್ಲ. ಇರುವುದು ಗಟ್ಟಿ ಚಾಸಿ, ಎಲೆಪಟ್ಟಿ ಸ್ಪ್ರಿಂಗ್, ಎರಡನೇ ಗೇರ್ ಲಿವರ್, ಒಳ್ಳೆ ಬಟನ್ ಟೈರ್ (ದಪ್ಪ ಉಬ್ಬುಗಳಿರುವ ಟೈರ್). ಮತ್ತೆ ದಾರಿಯ ಒಂದೊಂದು ಕಲ್ಲೂ ಗೊತ್ತಿರುವ ಡ್ರೈವರ್.

ಆ ಎರಡನೇ ಲಿವರ್ ನಿಮ್ಮ ಗಾಡಿಯಲ್ಲಿ ಇದೆಯಾ ನೋಡಿ. ಅದರಲ್ಲಿ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಬಲ ಜಾಸ್ತಿ ಇರುವ ಲೋ ಗೇರ್ ಇದ್ದರೆ ಗಾಡಿಯ ಮುಖ್ಯ ಭಾಗ ನಿಮಗೆ ಸಿಕ್ಕಿದೆ ಅಂತಲೇ ಅರ್ಥ. ಮಿಕ್ಕಿದ್ದು ಸೀಟಿನ ಬಟ್ಟೆ, ರಿಮ್ಮಿನ ಬಣ್ಣ.

ನಮ್ಮ ಮನೆಯಲ್ಲಿ ಪ್ಯೂಜೋ ಎಂಜಿನ್ನಿನ ಮಹೀಂದ್ರ ಎಂಎಂ 540 ಜೀಪು ಇನ್ನೂ ಓಡುತ್ತಿದೆ. ಅದಕ್ಕೆ ವೇರಿಯಂಟೇ ಇರಲಿಲ್ಲ.

ಗ್ಯಾರೇಜು_ಶಿವಮೊಗ್ಗ

ಹೊಸನಗರದವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ "ಮಿಕ್ಕಿದ್ದು ಬಟ್ಟೆ, ಬಣ್ಣ" ಅನ್ನುವುದು ಎಲ್ಲ ಗಾಡಿಗೂ ಹೊಂದುವುದಿಲ್ಲ. ಕಂಪನಿಯವರು ಕೆಳಗಿನ ವೇರಿಯಂಟ್ ಮಾಡುವಾಗ ಏನನ್ನು ತೆಗೆದಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸನ್‌ಗ್ಲಾಸ್ ಇಡುವ ಡಬ್ಬಿ ತೆಗೆದರೆ ನಮಗೇನೂ ನಷ್ಟವಿಲ್ಲ. ಡಿಫರೆನ್ಶಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರ್) ಲಾಕ್ ತೆಗೆದಿದ್ದರೆ ನಷ್ಟ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜಿಮ್ನಿ, ಅದು ಸುಲಭ. 2023ರ ಜೂನ್‌ನಲ್ಲಿ ಬಂತು. ಕೆಳಗಿನ ಝೀಟಾ, ಮೇಲಿನ ಆಲ್ಫಾ ಎರಡಕ್ಕೂ ಫೋರ್ ಬೈ ಫೋರ್ ಇದೆ, ಎರಡಕ್ಕೂ ಲೋ ಗೇರ್ ಇದೆ. ಅದೇ 1.5 ಲೀಟರ್ ಪೆಟ್ರೋಲ್ ಎಂಜಿನ್, ಅದೇ 105 ಪಿಎಸ್. ಮುಂದೆಯೂ ಹಿಂದೆಯೂ ಅದೇ ಇಡಿಯಾದ ಆಕ್ಸಲ್. ನೆಲದಿಂದ 210 ಮಿ.ಮೀ. ಎತ್ತರ. ಟೈರ್ ಸೈಜು ಎರಡಕ್ಕೂ 195/80 ಆರ್15. ಇಎಸ್‌ಪಿ, ಹಿಲ್ ಹೋಲ್ಡ್, ಹಿಲ್ ಡಿಸೆಂಟ್, ಆರು ಏರ್‌ಬ್ಯಾಗ್ ಎರಡರಲ್ಲೂ ಇವೆ. ಆಲ್ಫಾದಲ್ಲಿ ಜಾಸ್ತಿ ಇರುವುದು ಅಲಾಯ್ ರಿಮ್, ಎಲ್‌ಇಡಿ ಹೆಡ್‌ಲೈಟ್, ದೊಡ್ಡ ಸ್ಕ್ರೀನ್, ಕ್ರೂಸ್ ಕಂಟ್ರೋಲ್, ಇಂಥವು. ಅಂದರೆ ಹಳ್ಳ ದಾಟಿ ನಿಮ್ಮ ಏರು ಹತ್ತುವ ಕೆಲಸದಲ್ಲಿ ಝೀಟಾಗೂ ಆಲ್ಫಾಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. "ಕೆಳಗಿಂದು ಸಿಟಿಗೆ" ಅಂದವರು ಗಾಡಿಯ ಕೆಳಗೆ ಬಗ್ಗಿ ನೋಡಿಲ್ಲ.

ಥಾರ್ ಕಥೆ ಬೇರೆ. ಚಾಸಿ, ಎಂಜಿನ್, ಲೋ ಗೇರ್ ಎಲ್ಲ ಎಎಕ್ಸ್‌ಗೂ ಮೇಲಿನ ವೇರಿಯಂಟ್ ಎಲ್‌ಎಕ್ಸ್‌ಗೂ ಒಂದೇ. ಹಿಂದಿನ ಆಕ್ಸಲ್‌ನ ಲಾಕರ್ ಮತ್ತು ಇಎಸ್‌ಪಿ ಯಾವ ವೇರಿಯಂಟ್‌ಗೆ ಸಿಗುತ್ತದೆ ಅನ್ನುವುದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇದೇ ತೊಡಕು. ಮಾರುವವರ ಮಾತು ನಂಬಿಕೊಂಡು ಕೂರಬೇಡಿ. ಆ ಗಾಡಿ ತಯಾರಾದ ವರ್ಷದ ಬ್ರೋಷರ್ ಹುಡುಕಿ ನೋಡಿ.

ಲಾಕರ್ ಯಾಕೆ ಮುಖ್ಯ? ನಿಮ್ಮ ಏರಿನ ತಿರುವನ್ನೇ ತಗೊಳ್ಳಿ. ಬಲಗಡೆ ಮುಂದಿನ ಚಕ್ರ ಕೊರಕಲಿಗೆ ಇಳಿಯಿತು. ಎಡಗಡೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಮಾಮೂಲಿ ಡಿಫರೆನ್ಶಿಯಲ್ ಇದ್ದರೆ ಎಂಜಿನ್ನಿನ ಶಕ್ತಿಯೆಲ್ಲ ಹಿಡಿತ ಇಲ್ಲದ ಚಕ್ರದ ಕಡೆಗೇ ಹರಿದುಹೋಗುತ್ತದೆ. ಗಾಳಿಯಲ್ಲಿರುವ ಚಕ್ರ ಸುಮ್ನೆ ಸುತ್ತುತ್ತದೆ, ನೆಲಕ್ಕೆ ಕಚ್ಚಿದ ಚಕ್ರ ಅಲ್ಲಾಡುವುದಿಲ್ಲ. ನಾಲ್ಕು ಚಕ್ರದ ಗಾಡಿ ಅಂತ ಹೆಸರಿದ್ದರೂ ಅಲ್ಲೇ ನಿಂತಿತು.

ಇದಕ್ಕೆ ಎರಡು ದಾರಿ ಇದೆ. ಒಂದು, ಮೆಕ್ಯಾನಿಕಲ್ ಲಾಕರ್. ಎಡ ಬಲ ಚಕ್ರದ ವೇಗದಲ್ಲಿ ನಿಮಿಷಕ್ಕೆ ನೂರು ಸುತ್ತಿನಷ್ಟು ವ್ಯತ್ಯಾಸ ಬಂದರೆ ಅದೇ ಲಾಕ್ ಆಗಿ, ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುತ್ತದೆ. ಇನ್ನೊಂದು, ಬ್ರೇಕಿನಿಂದ ಮಾಡುವುದು. ಸುತ್ತುವ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಾಕಿ ಹಿಡಿಯುತ್ತದೆ, ಆಗ ಶಕ್ತಿ ಆಚೆ ಚಕ್ರಕ್ಕೆ ಹೋಗುತ್ತದೆ. ಜಿಮ್ನಿಯಲ್ಲಿರುವುದು ಈ ಬ್ರೇಕಿನ ಪದ್ಧತಿ. ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಡ್ರೈವರ್‌ಗೆ ಅದರ ಪರಿಚಯ ಬೇಕು. ಬ್ರೇಕ್ ಹಿಡಿಯುವಾಗ ಕಾಲ ಕೆಳಗಿಂದ ಕಟಕಟ ಕಟಕಟ ಅಂತ ಶಬ್ದ ಬರುತ್ತದೆ, ಗಾಡಿ ನಡುಗುತ್ತದೆ. ಏನೋ ಮುರಿಯಿತು ಅಂತ ಹೆದರಿ ಹೊಸಬರು ಆಕ್ಸಿಲರೇಟರ್‌ನಿಂದ ಕಾಲು ತೆಗೆದುಬಿಡುತ್ತಾರೆ. ಕಾಲು ತೆಗೆದ ಕೂಡಲೇ ಅದು ಕೆಲಸ ನಿಲ್ಲಿಸುತ್ತದೆ. ಅದರ ಬದಲು ಒಂದೇ ಸಮ ಕಾಲು ಇಟ್ಟು ಎರಡು ಮೂರು ಸೆಕೆಂಡ್ ತಾಳ್ಮೆಯಿಂದ ಕಾಯಬೇಕು. ಗಾಡಿ ನಿಧಾನಕ್ಕೆ ಎದ್ದು ಬರುತ್ತದೆ.

ಲಾಕರೂ ಇಲ್ಲ, ಇಎಸ್‌ಪಿಯೂ ಇಲ್ಲ ಅನ್ನುವ ಗಾಡಿಯಾದರೆ ಚಕ್ರ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆಯೇ ಪೂರ್ತಿ ನಿಂತಿರುತ್ತದೆ. ಅದೂ ಆಗದ ಕೆಲಸ ಅಲ್ಲ. ನಮ್ಮಲ್ಲಿ ಜೀಪು ಓಡಿಸಿದ ಹಿರಿಯರೆಲ್ಲ ಹಾಗೇ ಓಡಿಸಿದ್ದು.

ಸಾಗರದ_ಚಾಲಕಿ

ಗ್ಯಾರೇಜಿನವರು ಬರೆದದ್ದು ಓದಿ ತುಂಬಾ ತಿಳಿಯಿತು. ಆದರೂ ನನ್ನದೊಂದು ತಕರಾರು ಇದೆ.

ನೀವೆಲ್ಲ ಏರು, ಕೊರಕಲು ಅಷ್ಟನ್ನೇ ನೋಡುತ್ತಿದ್ದೀರಿ. ಮೇಗರವಳ್ಳಿಯವರು ಅಮ್ಮನನ್ನು ರಾತ್ರಿ ಆಸ್ಪತ್ರೆಗೆ ಕರಕೊಂಡು ಹೋಗುವುದನ್ನೂ ಹೇಳಿದ್ದಾರೆ. ಮಣ್ಣುರಸ್ತೆ ಎರಡು ಕಿಲೋಮೀಟರ್. ಅದಾದ ಮೇಲೆ ಟಾರ್ ರಸ್ತೆ ಎಷ್ಟಿದೆ? ಆಗುಂಬೆ ಸುತ್ತಮುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ ಅದು. ಜುಲೈ ರಾತ್ರಿ, ಮಳೆ, ಅದರ ಮೇಲೆ ಮಂಜು. ನಾನು ಕೆಲಸದ ಮೇಲೆ ಹುಲಿಕಲ್ ಘಾಟಿಯಲ್ಲಿ ಓಡಾಡುತ್ತೇನೆ. ಅಲ್ಲಿ ಮಂಜು ಇಳಿದರೆ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ. ಕೆಳಗಿನ ವೇರಿಯಂಟಿನಲ್ಲಿ ಕಂಪನಿಯವರು ದುಡ್ಡು ಉಳಿಸುವುದು ಇಂಥ ಕಡೆಯೇ: ದೀಪ, ಹಿಂದಿನ ಗಾಜಿನ ವೈಪರ್, ಒಳಗಿನ ಆವಿ ತೆಗೆಯುವ ವ್ಯವಸ್ಥೆ. ಕೆಸರಲ್ಲಿ ಗಾಡಿ ಸಿಕ್ಕಿಕೊಂಡರೆ ಯಾರಾದರೂ ಬಂದು ಎಳೆಯುತ್ತಾರೆ. ಎದುರಿಗೆ ಬರುವ ಲಾರಿ ಕಾಣದಿದ್ದರೆ?

ಹಾಗಾಗಿ ಟಾಪ್ ಎಂಡ್ ಸುಮ್ನೆ ಶೋಕಿಗೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಳೇಜೀಪು_ಹೊಸನಗರ

ಅಕ್ಕಾ, ನೀವು ಹೇಳಿದ್ದು ಸರಿ. ಮಂಜಿನ ವಿಷಯದಲ್ಲಿ ವಾದವೇ ಇಲ್ಲ. ಆದರೆ ದೀಪ ಆಮೇಲೂ ಹಾಕಿಸಬಹುದು. ಒಂದು ಜೊತೆ ಹಳದಿ ಫಾಗ್ ಲೈಟನ್ನು ಬಂಪರಿನಲ್ಲಿ ಕೆಳಗೆ, ರಸ್ತೆ ಅಂಚಿಗೆ ಬೆಳಕು ಬೀಳುವ ಹಾಗೆ ಕೂರಿಸಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎಷ್ಟೇ ದುಬಾರಿ ಎಲ್‌ಇಡಿ ಆದರೂ ಬೆಳಕೆಲ್ಲ ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಲೋ ಗೇರನ್ನು ಮಾತ್ರ ಆಮೇಲೆ ಹಾಕಿಸಲು ಬರುವುದಿಲ್ಲ.

ಕೊಪ್ಪದ_ಕಾಫಿಗಿಡ

ಇನ್ನೊಂದು ವಿಷಯ ಸೇರಿಸುತ್ತೇನೆ. ಫೋರ್ ಬೈ ಫೋರ್ ಅಂತ ಹಿಂದೆ ಅಂಟಿಸಿದ ಗಾಡಿಯೆಲ್ಲ ಒಂದೇ ಅಲ್ಲ. ನಮ್ಮ ಕಡೆ ತೋಟದವರು ಡಸ್ಟರ್ ಆಲ್ ವೀಲ್ ಡ್ರೈವ್ ತಗೊಂಡವರು ಇದ್ದಾರೆ. 2014ರಲ್ಲಿ ಬಂದ ಗಾಡಿ. ಅದರಲ್ಲಿ ಲೋ ಗೇರ್ ಇರಲಿಲ್ಲ, ಅದಕ್ಕಾಗಿಯೇ ಮೊದಲನೇ ಗೇರನ್ನು ಗಿಡ್ಡ ಮಾಡಿದ್ದರು. ತುಂಬಾ ಒಳ್ಳೆ ಗಾಡಿ. ಒದ್ದೆ ಹುಲ್ಲು, ಜಲ್ಲಿ, ಸಾಧಾರಣ ಕೆಸರು ಎಲ್ಲಕ್ಕೂ ಆರಾಮ. ಘಾಟಿಯಲ್ಲಿ ಮಳೆಗೆ ರಸ್ತೆ ಹಿಡಿದು ಹೋಗುವುದರಲ್ಲಿ ಜೀಪಿಗಿಂತ ಎಷ್ಟೋ ಮೇಲು.

ಕಷ್ಟ ಎಲ್ಲಿ ಬರುತ್ತದೆ ಅಂದರೆ ಉದ್ದದ, ನಿಧಾನದ ಏರಿನಲ್ಲಿ. ಭಾರ ಹೇರಿಕೊಂಡು ಜಾರುಮಣ್ಣಿನಲ್ಲಿ ಹತ್ತುವಾಗ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದೇ ಇರಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಪ್ಲಿಂಗ್ ಜಾಸ್ತಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ಬಿಟ್ಟುಕೊಡುತ್ತದೆ, ಆಗ ಅದು ಮುಂದಿನ ಚಕ್ರದ ಕಾರು ಅಷ್ಟೇ. ಈಗಿನ ಗ್ರ್ಯಾಂಡ್ ವಿಟಾರಾ ಆಲ್ ಗ್ರಿಪ್‌ನಲ್ಲೂ ಲೋ ಗೇರ್ ಇಲ್ಲ.

ಹಾಗಾಗಿ ಲೋ ಗೇರ್ ಇಲ್ಲದ ಟಾಪ್ ಎಂಡ್ ಮತ್ತು ಲೋ ಗೇರ್ ಇರುವ ಬೇಸ್ ಮಾಡೆಲ್, ಎರಡರಲ್ಲಿ ನಿಮ್ಮ ದಾರಿಗೆ ಬೇಸ್ ಮಾಡೆಲ್ಲೇ ಸರಿ. ಜಿಮ್ನಿಯ ಲೋ ಗೇರಿನಲ್ಲಿ ಚಕ್ರ ತಿರುಗುವ ವೇಗ ಹತ್ತಿರ ಹತ್ತಿರ ಅರ್ಧ, ಎಳೆಯುವ ಬಲ ಎರಡರಷ್ಟು. ಕ್ಲಚ್ ಪೂರ್ತಿ ಬಿಟ್ಟು, ಮನುಷ್ಯ ನಡೆಯುವ ವೇಗದಲ್ಲಿ ಹತ್ತಬಹುದು.

ಮೇಗರವಳ್ಳಿ_ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನೂ ಕೆಲವು ಪ್ರಶ್ನೆ ಇವೆ.

ತಮ್ಮ ಥಾರ್ ರಾಕ್ಸ್ ಬೇಸ್ ಮಾಡೆಲ್ ತಗೋ ಅನ್ನುತ್ತಿದ್ದಾನೆ, ಐದು ಬಾಗಿಲು ಇದೆ, ಅಮ್ಮನಿಗೆ ಹತ್ತಲು ಸುಲಭ ಅಂತ. ಅದು ಆಗುತ್ತದಾ? ಮತ್ತೆ ಟೈರ್ ಬಗ್ಗೆ ಹೇಳಿ. ಎಎಕ್ಸ್‌ಗೆ 16 ಇಂಚಿನ ಕಬ್ಬಿಣದ ರಿಮ್, ಎಲ್‌ಎಕ್ಸ್‌ಗೆ 18 ಇಂಚಿನ ಅಲಾಯ್. ಸಣ್ಣ ರಿಮ್ ಇದ್ದರೆ ಗಾಡಿ ತಗ್ಗಾಗುವುದಿಲ್ವಾ?

ಗ್ಯಾರೇಜು_ಶಿವಮೊಗ್ಗ

ರಾಕ್ಸ್ ವಿಷಯ ಮೊದಲು. 2024ರ ಆಗಸ್ಟ್‌ನಲ್ಲಿ ಬಂದ ಗಾಡಿ. ಅದರ ಎಂಎಕ್ಸ್1, ಎಂಎಕ್ಸ್3 ಎರಡಕ್ಕೂ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಫೋರ್ ಬೈ ಫೋರ್ ಶುರುವಾಗುವುದೇ ಎಂಎಕ್ಸ್5ರಿಂದ, ಅದೂ ಡೀಸೆಲ್‌ನಲ್ಲಿ. ನೋಡಲು ಎಲ್ಲವೂ ಒಂದೇ ಥರ ದೊಡ್ಡದಾಗಿ, ಎತ್ತರವಾಗಿ ಇರುತ್ತವೆ. ನಿಮ್ಮ ಹಳ್ಳದ ಏರಿಗೆ ಹಿಂದಿನ ಚಕ್ರದ ರಾಕ್ಸ್ ತಗೊಂಡುಹೋದರೆ ಮಳೆಗಾಲ ಪೂರ್ತಿ ಟಾರ್ ರಸ್ತೆಯ ಪಕ್ಕದಲ್ಲೇ ನಿಲ್ಲಿಸಬೇಕಾಗುತ್ತದೆ. ಮೂರು ಬಾಗಿಲಿನ ಥಾರ್‌ಗೂ 2023ರಿಂದ ಹಿಂದಿನ ಚಕ್ರದ ಮಾಡೆಲ್ ಇದೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಹುಷಾರು.

ಇನ್ನು ಟೈರ್. ಇಲ್ಲಿ ಕೆಳಗಿನ ವೇರಿಯಂಟೇ ಗೆಲ್ಲುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. ಎಎಕ್ಸ್ ಟೈರ್ 245/75 ಆರ್16. ರಿಮ್ಮಿನಿಂದ ನೆಲಕ್ಕೆ ಇರುವ ರಬ್ಬರ್ ಗೋಡೆ 245ರ ಶೇ. 75, ಅಂದರೆ ಸುಮಾರು 184 ಮಿ.ಮೀ. ಎಲ್‌ಎಕ್ಸ್ ಟೈರ್ 255/65 ಆರ್18. ಅದರ ಗೋಡೆ ಸುಮಾರು 166 ಮಿ.ಮೀ. ಪೂರ್ತಿ ಚಕ್ರದ ಎತ್ತರ ತೆಗೆದರೆ ಎಎಕ್ಸ್‌ದು 774, ಎಲ್‌ಎಕ್ಸ್‌ದು 789. ವ್ಯತ್ಯಾಸ 15 ಮಿ.ಮೀ., ಆಕ್ಸಲ್ ಎತ್ತರಕ್ಕೆ ಬಂದರೆ ಅದರ ಅರ್ಧ. ಅಷ್ಟಕ್ಕೆ ಗಾಡಿ ತಗ್ಗು ಅನಿಸುವುದಿಲ್ಲ.

ಆದರೆ ಆ 18 ಮಿ.ಮೀ. ಜಾಸ್ತಿ ರಬ್ಬರ್ ಗೋಡೆ ಕೆಸರಲ್ಲಿ, ಕಲ್ಲಲ್ಲಿ ತುಂಬಾ ಕೆಲಸ ಮಾಡುತ್ತದೆ. ಗಾಳಿ ಇಳಿಸಿದಾಗ ಟೈರ್ ಅಗಲವಾಗಿ, ಉದ್ದವಾಗಿ ನೆಲಕ್ಕೆ ಒರಗುತ್ತದೆ. ಕಲ್ಲಿಗೆ ಹೊಡೆದರೂ ರಿಮ್ಮಿಗೆ ಪೆಟ್ಟು ಬೀಳುವುದು ಕಡಿಮೆ. ಬಿದ್ದರೂ ಕಬ್ಬಿಣದ ರಿಮ್ ಡೊಂಕಾದರೆ ಬಡಿದು ಸರಿ ಮಾಡಬಹುದು, ಅಲಾಯ್ ಒಡೆದರೆ ಹೊಸದೇ ಬೇಕು. ಟಾಪ್ ಎಂಡ್ ತಗೊಂಡು, ಆಫ್‌ರೋಡ್‌ಗೆ ಅಂತ ಆಮೇಲೆ 16 ಇಂಚಿನ ಕಬ್ಬಿಣದ ರಿಮ್ ಹಾಕಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ.

ಮಲೆನಾಡಿನ ಮಣ್ಣಿಗೆ ಬಂದರೆ, ನಮ್ಮ ಶತ್ರು ಬಂಡೆಗಿಂತ ಜೇಡಿ. ಕೆಂಪು ಜೇಡಿಮಣ್ಣು ಒಂದು ಸಲ ಟೈರಿನ ಸಂದಿಗೆ ತುಂಬಿಕೊಂಡರೆ ಟೈರು ಬೆಣ್ಣೆ ಸವರಿದ ಹಾಗೆ ನುಣ್ಣಗಾಗುತ್ತದೆ. ಹೈವೇ ಟೈರಿನ ಸಂದಿ ಕಿರಿದು, ತುಂಬಿದ ಮಣ್ಣು ಉದುರುವುದಿಲ್ಲ. ಆಲ್ ಟೆರೇನ್ ಟೈರಲ್ಲಿ ಸಂದಿ ಅಗಲ, ಚಕ್ರ ತಿರುಗಿದಾಗ ಮಣ್ಣು ಸಿಡಿದು ಹೋಗುತ್ತದೆ. ಮಡ್ ಟೆರೇನ್‌ನಲ್ಲಿ ಇನ್ನೂ ಅಗಲ. ಆದರೆ ಅದು ಟಾರಿನ ಮೇಲೆ ಗುಂಯ್ ಅನ್ನುತ್ತದೆ, ಒದ್ದೆ ಟಾರಿನಲ್ಲಿ ಬ್ರೇಕ್ ಹಿಡಿಯುವ ದೂರ ಹೆಚ್ಚಾಗುತ್ತದೆ. ಅಮ್ಮನನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋಗುವ ಗಾಡಿಗೆ ಆಲ್ ಟೆರೇನ್ ಸಾಕು. ಕೆಳಗಿನ ವೇರಿಯಂಟ್ ತಗೊಂಡು ಉಳಿದ ದುಡ್ಡಲ್ಲಿ ಒಂದು ಸೆಟ್ ಒಳ್ಳೆ ಆಲ್ ಟೆರೇನ್ ಟೈರ್, ಒಂದು ಗಾಳಿ ಪಂಪು, ಗಾಳಿ ಅಳೆಯುವ ಒಂದು ಮೀಟರ್ ತಗೊಳ್ಳಿ. ಹೈವೇ ಟೈರಿನ ಟಾಪ್ ಎಂಡ್ ನಿಂತಲ್ಲೇ ಚಕ್ರ ಸುತ್ತಿಸುವ ಏರಿನಲ್ಲಿ ನಿಮ್ಮ ಗಾಡಿ ಹತ್ತಿಹೋಗುತ್ತದೆ.

ಗಾಳಿ: ಟಾರಿಗೆ ಕಂಪನಿ ಹೇಳಿದಷ್ಟು. ಕೆಸರಿಗೆ ಇಳಿಯುವ ಮೊದಲು 18ರಿಂದ 20 ಪಿಎಸ್‌ಐಗೆ ಇಳಿಸಿ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಬಿಸಿಯಾಗಿ ಒಡೆಯುತ್ತದೆ.

ಹಳೇಜೀಪು_ಹೊಸನಗರ

ಟೈರ್ ವಿಷಯ ಚಿನ್ನದಂಥ ಮಾತು. ಏರಿನ ಬಗ್ಗೆ ನನ್ನದಿಷ್ಟು.

ಹಳ್ಳಕ್ಕೆ ಇಳಿಯುವ ಮೊದಲೇ ಗಾಡಿ ಪೂರ್ತಿ ನಿಲ್ಲಿಸಿ ಫೋರ್ ಲೋ ಹಾಕಿ. ಏರಿನ ನಡುವೆ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಇಳಿದು ನೀರನ್ನು ಕಾಲಲ್ಲೇ ನಡೆದು ನೋಡಿ. ಥಾರ್‌ಗೆ 650 ಮಿ.ಮೀ. ನೀರಿನವರೆಗೆ ಹೋಗಬಹುದು ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಲೆಕ್ಕ ಅಂತಲೇ ಇಟ್ಟುಕೊಳ್ಳಿ. ಹರಿಯುವ ಹಳ್ಳದಲ್ಲಿ ಅದರ ಅರ್ಧ ನೀರಿದ್ದರೂ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನಿಮಗೆ ನೆಟ್ಟಗೆ ನಿಂತು ದಾಟಲು ಆಗದ ನೀರಿಗೆ ಗಾಡಿಯನ್ನೂ ಇಳಿಸಬೇಡಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಏರಿಗೆ ಲೋ ಎರಡನೇ ಗೇರ್. ಜೇಡಿಯಲ್ಲಿ ಮೊದಲನೇ ಗೇರ್ ಹಾಕಿದರೆ ಬಲ ಜಾಸ್ತಿಯಾಗಿ ಚಕ್ರ ಸುತ್ತಲು ಶುರುಮಾಡುತ್ತದೆ. ಏರಿನ ಬುಡದಲ್ಲಿ ಸ್ವಲ್ಪ ಓಟ ಹಿಡಿದು, ಮೇಲೆ ಮುಟ್ಟುವ ತನಕ ಗೇರ್ ಬದಲಿಸಬೇಡಿ. ಹಿಡಿತ ತಪ್ಪುತ್ತಿದೆ ಅನಿಸಿದಾಗ ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ. ಟೈರಿನ ಪಕ್ಕದ ಬಟನ್‌ಗಳು ಹೊಸ ಮಣ್ಣು ಕಚ್ಚುತ್ತವೆ. ಆಗಲಿಲ್ಲ ಅಂದರೆ ಹಟ ಮಾಡಿ ಗುಂಡಿ ತೋಡಬೇಡಿ. ನೆಟ್ಟಗೆ ರಿವರ್ಸ್ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲೇ ಹಿಂದಕ್ಕೆ ಇಳಿಯಿರಿ. ಏರಿನಲ್ಲಿ ಅಡ್ಡ ತಿರುಗಿಸಲು ಹೋದರೆ ಗಾಡಿ ಮಗುಚುತ್ತದೆ.

ಪುಷ್ಯ, ಆಶ್ಲೇಷ ಮಳೆಯಲ್ಲಿ ಟೈರೂ ಸಾಲದು ಅನಿಸಿದರೆ ಸರಪಳಿ ಇದ್ದೇ ಇದೆ. ಹಳಬರು ಮಳೆಗಾಲಕ್ಕೆ ಜೀಪಿನ ಚಕ್ರಕ್ಕೆ ಸರಪಳಿ ಕಟ್ಟಿಕೊಂಡೇ ಓಡಾಡಿದ್ದು.

ವಾರಾಂತ್ಯ_ಬೆಂಗಳೂರು

ನಾನೂ ಹೊಸದಾಗಿ ಫೋರ್ ಬೈ ಫೋರ್ ತಗೊಂಡಿದ್ದೇನೆ, ಬೇಸ್ ಮಾಡೆಲ್ಲೇ. ಮಳೆಗಾಲದಲ್ಲಿ ಆ ಕಡೆ ಬರುತ್ತಿದ್ದೇವೆ. ಕೊಡಚಾದ್ರಿ ಸುತ್ತ ಬೆಟ್ಟದ ಹುಲ್ಲುಗಾವಲು, ಹೊಳೆ ದಂಡೆ ಇಂಥ ಕಡೆ ಗಾಡಿ ಪರೀಕ್ಷೆ ಮಾಡಲು ಒಳ್ಳೆ ಜಾಗ ಇದ್ದರೆ ಹೇಳುತ್ತೀರಾ?

ಕೊಪ್ಪದ_ಕಾಫಿಗಿಡ

ದಯವಿಟ್ಟು ಹಾಗೆ ಮಾಡಬೇಡಿ ಸರ್. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿಗೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಕಾನೂನು ಒಂದು ಕಡೆ ಇರಲಿ. ಹುಲ್ಲುಗಾವಲಿನ ಮಣ್ಣು ತೆಳು. ಮಳೆಗಾಲದಲ್ಲಿ ಒಂದು ಸಲ ಗಾಲಿ ಜಾಡು ಬಿದ್ದರೆ ನೀರೆಲ್ಲ ಅದರಲ್ಲೇ ಹರಿಯುತ್ತದೆ, ವರ್ಷ ಕಳೆಯುವಷ್ಟರಲ್ಲಿ ಕೊರಕಲಾಗುತ್ತದೆ. ಮೇಲಿನ ಮಣ್ಣು ಕೆಳಗಿನ ಹಳ್ಳಕ್ಕೆ, ಹಳ್ಳದಿಂದ ಯಾರದೋ ಗದ್ದೆಗೆ. ಧರೆ ಕುಸಿದರೆ ಕೆಳಗಿನ ಮನೆಯವರು ಅನುಭವಿಸಬೇಕು. ನಮಗೆ ಈ ದಾರಿಗಳು ದಿನಾ ಓಡಾಡುವ ದಾರಿ. ಮಕ್ಕಳು ಶಾಲೆಗೆ ಹೋಗುವ ದಾರಿ. ಭಾನುವಾರ ಹತ್ತು ಗಾಡಿ ಬಂದು ಉಳುಮೆ ಮಾಡಿಹೋದರೆ ಸೋಮವಾರ ನಾವು ನಡೆದೇ ಹೋಗಬೇಕು.

ಕಲಿಯಲೇಬೇಕು ಅಂದರೆ ಖಾಸಗಿ ಜಾಗದಲ್ಲಿ, ಮಾಲೀಕರನ್ನು ಕೇಳಿ, ಕಲಿಸುವವರ ಜೊತೆ ಕಲಿಯಿರಿ. ಕೊಡಚಾದ್ರಿ ನೋಡಬೇಕಿದ್ದರೆ ಊರಿನ ಜೀಪಲ್ಲಿ ಹೋಗಿ. ಆ ಡ್ರೈವರ್‌ಗಳ ಜೀವನ ನಡೆಯುವುದು ಅದರಲ್ಲೇ.

ವಾರಾಂತ್ಯ_ಬೆಂಗಳೂರು

ಅರ್ಥ ಆಯಿತು. ಊರಿನ ಜೀಪಲ್ಲೇ ಹೋಗುತ್ತೇವೆ. ತಿಳಿಸಿದ್ದಕ್ಕೆ ಧನ್ಯವಾದ.

ಸಾಗರದ_ಚಾಲಕಿ

ಕೊಪ್ಪದವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ.

ಗ್ಯಾರೇಜಿನವರ ಟೈರ್ ಲೆಕ್ಕ ನೋಡಿದ ಮೇಲೆ, ಜಿಮ್ನಿ ಝೀಟಾ ಅಥವಾ ಥಾರ್ ಎಎಕ್ಸ್ ಏರು ಹತ್ತುವ ವಿಷಯದಲ್ಲಿ ಟಾಪ್ ಎಂಡಿಗೆ ಕಡಿಮೆ ಇಲ್ಲ ಅನ್ನುವುದು ನನಗೂ ಮನವರಿಕೆಯಾಯಿತು. ಆದರೆ ಇಎಸ್‌ಪಿ ಇಲ್ಲದ ಹಳೇ ಗಾಡಿಯನ್ನು ಘಾಟಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡಿಸಲು ನಾನು ಒಪ್ಪುವುದಿಲ್ಲ. ಎತ್ತರದ ಗಾಡಿ, ಮಳೆ, ಪಾಚಿ ಕಟ್ಟಿದ ತಿರುವು. ದುಡ್ಡು ಉಳಿಸಬೇಕಾದ ಜಾಗ ಅದಲ್ಲ. ಸ್ಕ್ರೀನು, ಸನ್‌ರೂಫು, ಅಲಾಯ್ ಬಿಡಿ, ಸೀಟಿನ ಲೆದರ್ ಬಿಡಿ. ಇಎಸ್‌ಪಿ, ಏರ್‌ಬ್ಯಾಗ್ ಬಿಡಬೇಡಿ.

ಇನ್ನೊಂದು. ಎಳೆಯುವ ಹುಕ್ಕು ಮುಂದೆ ಎಲ್ಲಿದೆ, ಹಿಂದೆ ಎಲ್ಲಿದೆ ನೋಡಿಕೊಳ್ಳಿ. ನಮ್ಮ ಪಕ್ಕದ ತೋಟದಲ್ಲಿ ಗಾಡಿ ಹೂತುಹೋದಾಗ ಹಗ್ಗವನ್ನು ಬಂಪರಿಗೇ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರು. ಬಂಪರ್ ಕಿತ್ತುಕೊಂಡು ಬಂತು, ಗಾಡಿ ಅಲ್ಲೇ ಇತ್ತು. ಎಳೆಯುವಾಗ ಹಗ್ಗದ ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ಹಗ್ಗ ಹರಿದರೆ ಪ್ರಾಣ ಹೋಗುತ್ತದೆ.

ಮೇಗರವಳ್ಳಿ_ತೋಟ

ಇಎಸ್‌ಪಿ ವಿಷಯ ಬರೆದುಕೊಂಡೆ ಅಕ್ಕ. ಆಲ್ ಟೆರೇನ್ ಟೈರ್, ಗಾಳಿ ಪಂಪು ಎರಡೂ ಬಜೆಟ್ಟಿಗೆ ಸೇರಿಸಿದ್ದೇನೆ. ಜಿಮ್ನಿ ಝೀಟಾ ಕಡೆ ಮನಸ್ಸು ವಾಲುತ್ತಿದೆ. ಸುಮಾರು 1,200 ಕೆಜಿ ತೂಕದ ಗಾಡಿ, ಕೆಸರಲ್ಲಿ ಹಗುರ ಇದ್ದಷ್ಟೂ ಒಳ್ಳೇದು ಅಲ್ವಾ? ಆದರೆ ಔಷಧಿ ಡ್ರಮ್, ಮೋಟಾರು ಹೇರುವುದಕ್ಕೆ ಥಾರ್ ಡೀಸೆಲ್ ಎಂಜಿನ್ನಿನ 300 ಎನ್ಎಂ ಟಾರ್ಕ್ (ಎಳೆಯುವ ಬಲ) ಬೇಕು ಅನಿಸುತ್ತದೆ. ತೀರ್ಥಹಳ್ಳಿಯಲ್ಲಿ ಒಂದು ಎಎಕ್ಸ್ ಇದೆ, ಈ ವಾರ ನೋಡಲು ಹೋಗುತ್ತೇನೆ. ಕೆಳಗೆ ಏನೇನು ನೋಡಬೇಕು?

ಗ್ಯಾರೇಜು_ಶಿವಮೊಗ್ಗ

ಹಗುರ ಒಳ್ಳೇದು, ಖಂಡಿತ. ಭಾರದ ಥಾರ್ ಹೂತುಕೊಳ್ಳುವ ಕಡೆ ಜಿಮ್ನಿ ಮೇಲೆ ಮೇಲೇ ಹೋಗುತ್ತದೆ. ಆದರೆ ಜಿಮ್ನಿಯ ಟಾರ್ಕ್ 134 ಎನ್ಎಂ. ಡ್ರಮ್ಮು, ಮೋಟಾರು, ಇಬ್ಬರು ಆಳು ಕೂತರೆ ಲೋ ಗೇರಿನಲ್ಲಿ ಹತ್ತುತ್ತದೆ, ಟಾರಿನ ಏರಿನಲ್ಲಿ ಮಾತ್ರ ಗೇರ್ ಇಳಿಸಿ ಇಳಿಸಿ ಓಡಿಸಬೇಕು. ದಿನಾ ಸಾಮಾನು ಸಾಗಿಸುವುದೇ ಮುಖ್ಯ ಅಂದರೆ ಥಾರ್. ಮನೆಯವರ ಓಡಾಟ ಜಾಸ್ತಿ, ಸಾಮಾನು ಅಪರೂಪ ಅಂದರೆ ಜಿಮ್ನಿ.

ಎಎಕ್ಸ್ ನೋಡಲು ಹೋದಾಗ ಮೊದಲು ಜಲ್ಲಿ ಅಥವಾ ಮಣ್ಣಿನ ಜಾಗಕ್ಕೆ ತಗೊಂಡುಹೋಗಿ. ಟಾರ್ ಮೇಲೆ ಫೋರ್ ಬೈ ಫೋರ್ ಹಾಕಿ ತಿರುಗಿಸಬೇಡಿ. ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇಲ್ಲ, ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ಮಣ್ಣಲ್ಲಿ ಫೋರ್ ಲೋ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ನಿಧಾನ ಮುಂದೆ ಬನ್ನಿ. ಗಾಡಿ ಬಿಗಿದು ತಡೆದ ಹಾಗೆ ಅನಿಸಬೇಕು. ಏನೂ ಅನಿಸದೆ ಆರಾಮಾಗಿ ತಿರುಗಿದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲ ಅಂತ ಅನುಮಾನ ಪಡಿ. ಡ್ಯಾಶ್‌ಬೋರ್ಡಿನ ದೀಪ ಹತ್ತಿದ್ದನ್ನು ಮಾತ್ರ ನಂಬಬೇಡಿ.

ಆಮೇಲೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ, ಮುಂದಿನ ಮತ್ತು ಹಿಂದಿನ ಡಿಫರೆನ್ಶಿಯಲ್ ಎಣ್ಣೆಯನ್ನು ಸ್ವಲ್ಪ ತೆಗೆಸಿ ನೋಡಿ. ಹಾಲು ಬೆರೆಸಿದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ಆ ಗಾಡಿ ಆಳದ ನೀರಿಗೆ ಇಳಿದಿದೆ, ಆಮೇಲೆ ಯಾರೂ ಎಣ್ಣೆ ಬದಲಿಸಿಲ್ಲ. ಚಾಸಿಯ ಒಳಬದಿಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಡಿಫರೆನ್ಶಿಯಲ್ ಇರುವ ಗುಂಡನೆ ಡಬ್ಬಿಯ ಕೆಳಗೆ, ಟ್ರಾನ್ಸ್‌ಫರ್ ಕೇಸಿನ (ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ ಕಲ್ಲಿಗೆ ಹೊಡೆದ ಗುರುತು ಇದೆಯಾ ನೋಡಿ. ಸಣ್ಣ ಗೀರು ಪರವಾಗಿಲ್ಲ, ತಗ್ಗು ಬಿದ್ದಿದ್ದರೆ ಬೇಡ.

ಕೊನೆಗೆ ಸ್ಟೆಪ್ನಿ. ಅದು ಉಳಿದ ನಾಲ್ಕರ ಸೈಜೇ ಇರಬೇಕು, ಸವೆತವೂ ಹತ್ತಿರ ಹತ್ತಿರ ಅಷ್ಟೇ ಇರಬೇಕು. ಬೇರೆ ಸೈಜಿನ ಸ್ಟೆಪ್ನಿ ಹಾಕಿಕೊಂಡು ಫೋರ್ ಬೈ ಫೋರ್‌ನಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಆಲ್ ಟೆರೇನ್ ಹಾಕಿಸುವಾಗ ನಾಲ್ಕಲ್ಲ, ಐದು ಟೈರಿಗೆ ರೇಟು ಕೇಳಿ.